ಬೇಕರಿಯಲ್ಲಿ ಹುಟ್ಟಿದ ಸಂಘವೊಂದರ ಅನಧಿಕೃತ ಚರಿತ್ರೆ

೧

ಈ ಕಥೆಯನ್ನು ಹೇಗೆ ಶುರು ಮಾಡಬೇಕೆಂದು ನನಗೆ ಗೊತ್ತಿಲ್ಲ. ಗೊತ್ತಿದ್ದರೆ ನೀವು ಈಗ ಓದುತ್ತಿರುವುದು ಇದಕ್ಕಿಂತ ಒಳ್ಳೆಯ ಒಂದು ಸಾಲಾಗಿರುತ್ತಿತ್ತು.

ನಾನು ದಾನೇಶ್ವರಿ. ತುರುವೇಕೆರೆಯ ಒಂದು ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನನ್ನದೊಂದು ಕಥಾಸಂಕಲನ ಬಂದಿದೆ. ಅದರ ಉಳಿದ ಪ್ರತಿಗಳ ಮೇಲೆ ನಮ್ಮ ಮನೆಯ ಮಿಕ್ಸಿ ಕೂತಿದೆ. (ಎತ್ತರ ಸರಿಯಾಗಿದೆ. ಸಾಹಿತ್ಯದಿಂದ ಆದ ನೇರ ಉಪಯೋಗ ಅದೊಂದೇ.)

ಗಂಡ ಹೆಂಡತಿ ಬೇರೆಯಾಗಿ, ಮಕ್ಕಳು ಇನ್ನೊಬ್ಬರ ಮನೆಯಲ್ಲಿ ಉಳಿದುಹೋದ ಅಪ್ಪ ಅಮ್ಮಂದಿರಿಗೆ ನಮ್ಮ ಕಡೆ ಒಂದು ಸಂಘವಿದೆ. ಅದಕ್ಕೆ ಈಗ ಐದು ವರ್ಷ. ಸ್ಮರಣ ಸಂಚಿಕೆಗೆ ಸಂಘದ ಇತಿಹಾಸ ಬರೆದುಕೊಡಿ ಎಂದು ಅಧ್ಯಕ್ಷ ದಯಾನಂದ್ ಕೇಳಿದಾಗ, ನಾನೇ ಯಾಕೆ ಎಂದೆ. ನನ್ನ ಶೈಲಿಯ ಬಗ್ಗೆ ಎರಡು ಮಾತು ಬರಬಹುದೆಂಬ ಆಸೆ.

"ನಿಮಗೆ ಮದ್ವೆ ಆಗಿಲ್ಲ, ಮಕ್ಕಳಿಲ್ಲ ಮೇಡಂ. ನೀವು ಯಾರ ಪಾರ್ಟೀನೂ ಅಲ್ಲ" ಎಂದರು ದಯಾನಂದ್.

ನನ್ನ ಬಂಧುಬಳಗ ಇಷ್ಟು ವರ್ಷ ದೋಷವೆಂದು ಹೇಳಿಕೊಂಡು ಬಂದದ್ದು ಒಂದೇ ಮಾತಿನಲ್ಲಿ ಅರ್ಹತೆಯಾಯಿತು. ಒಪ್ಪಿಕೊಂಡೆ.

೨ (ಬಿಟ್ಟುಬಿಟ್ಟ ಆರಂಭ)

"ತೆಂಗಿನ ಮರ ತಾನು ಹೊತ್ತ ಕಾಯನ್ನು ಯಾರದೋ ಅಟ್ಟಕ್ಕೆ ಕಳಿಸಿ, ಆಕಾಶ ನೋಡುತ್ತಾ ನಿಲ್ಲುತ್ತದೆ..." ಹೀಗೇ ಒಂದೂವರೆ ಪುಟ ಬರೆದೆ. ಬರೆಯುವಾಗ ನನಗೇ ಕಣ್ಣು ಒದ್ದೆಯಾಯಿತು. ಸಂಘದ ಖಜಾಂಚಿ ಗಂಗಯ್ಯನವರಿಗೆ ಓದಿ ಹೇಳಿದೆ. ಅವರು ಬಸ್ ಕಂಡಕ್ಟರ್, ದಬ್ಬೇಘಟ್ಟದವರು. ಕೊನೆಯವರೆಗೂ ತಾಳ್ಮೆಯಿಂದ ಕೇಳಿದರು.

"ಚೆನ್ನಾಗೈತೆ ಮೇಡಂ. ಯಾರ ವಿಷ್ಯ ಇದು?"

ಆ ಒಂದೂವರೆ ಪುಟ ಈಗ ಇಲ್ಲ. ಮರ ಇದೆ.

೨ (ಮತ್ತೆ)

ಹಾಗಾದರೆ ಬೇಕರಿಯಿಂದಲೇ ಶುರು ಮಾಡುತ್ತೇನೆ.

ದಯಾನಂದ್ ಹೊನ್ನವಳ್ಳಿಯವರು. ತೋಟವಿದೆ, ಊರವರ ಕೊಬ್ಬರಿಯನ್ನು ತಿಪಟೂರಿಗೆ ಸಾಗಿಸುವ ವ್ಯಾಪಾರವೂ ಇದೆ. ಹೆಂಡತಿ ಅನಿತಾ ಮಗಳು ಕೃತಿಕಾಳನ್ನು ಕರೆದುಕೊಂಡು ತುರುವೇಕೆರೆಯ ತವರುಮನೆಗೆ ಬಂದುಬಿಟ್ಟರು. (ಯಾಕೆ ಎಂದು ಇಬ್ಬರನ್ನೂ ಕೇಳಿದ್ದೇನೆ. ಎರಡು ಉತ್ತರಗಳೂ ಒಂದಕ್ಕೊಂದು ಹೊಂದುವುದಿಲ್ಲ. ಎರಡನ್ನೂ ನಂಬಿದ್ದೇನೆ.) ಕೋರ್ಟು ಮಗಳನ್ನು ತಾಯಿಯ ಬಳಿ ಬಿಟ್ಟು ತಂದೆಗೆ ತಿಂಗಳಲ್ಲಿ ಎರಡು ಭಾನುವಾರ ಕೊಟ್ಟಿತು. ಭೇಟಿ ಇಬ್ಬರ ಮನೆಯಲ್ಲೂ ಬೇಡ, ಜನ ಓಡಾಡುವ ಕಡೆ ಇರಲಿ ಎಂದಾಗ, ಇಡೀ ಕೇಸಿನಲ್ಲಿ ಇಬ್ಬರು ವಕೀಲರೂ ಒಪ್ಪಿಕೊಂಡ ಒಂದೇ ಒಂದು ವಿಷಯವೆಂದರೆ ತುರುವೇಕೆರೆ ಬಸ್ ಸ್ಟ್ಯಾಂಡ್ ಎದುರಿನ ಬೇಕರಿ.

ಕೃತಿಕಾ ಆಗ ಎರಡನೇ ಕ್ಲಾಸು. ಅಪ್ಪನ ಎದುರು ಕೂತು ಪಫ್ಸಿನ ಪದರ ಒಂದೊಂದಾಗಿ ಬಿಡಿಸಿ ತಿನ್ನುತ್ತಿದ್ದಳು. ಶಾಲೆ ಹೇಗಿದೆ ಎಂದರೆ ಚೆನ್ನಾಗಿದೆ. ಮಿಸ್ಸು ಹೇಗಿದ್ದಾರೆ ಎಂದರೆ ಚೆನ್ನಾಗಿದ್ದಾರೆ. ತಟ್ಟೆ ಖಾಲಿಯಾದ ಕೂಡಲೇ "ಹೋಗೋಣ್ವಾ?" ಎನ್ನುತ್ತಿದ್ದಳು. ಹಾಗಾಗಿ ದಯಾನಂದ್ ತಟ್ಟೆ ಖಾಲಿಯಾಗಲು ಬಿಡುತ್ತಿರಲಿಲ್ಲ. ಬೇಕಿಲ್ಲದಿದ್ದರೂ ಇನ್ನೊಂದು, ಮತ್ತೊಂದು ಪಫ್ಸ್ ತರಿಸುತ್ತಿದ್ದರು.

ಪಕ್ಕದ ಟೇಬಲ್ಲಿನಲ್ಲೂ ಪ್ರತಿ ಸಲ ಅದೇ ತರಹ ತಟ್ಟೆ ತುಂಬಿರುತ್ತಿತ್ತು. ಅಲ್ಲಿ ಕೂರುತ್ತಿದ್ದವರು ಗಂಗಯ್ಯ. ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬರುತ್ತಿದ್ದರು. ಎದುರಿಗೆ ಅವರ ಮಗ, ಇನ್ನೂ ಶಾಲೆಗೆ ಹೋಗದ ಪುಟ್ಟ ಹುಡುಗ. ಒಂದು ಭಾನುವಾರ ತಾಯಿ ಕರೆದೊಯ್ಯಲು ಬಂದಾಗ ಆ ಹುಡುಗ ಖುಷಿಯಿಂದ ಹೇಳಿದ: "ಅಮ್ಮಾ, ಕಂಡಕ್ಟರ್ ಅಂಕಲ್ ಕೇಕ್ ಕೊಡ್ಸಿದ್ರು!"

ಅವರು ಹೋದ ಮೇಲೂ ಗಂಗಯ್ಯ ತಟ್ಟೆ ನೋಡುತ್ತಲೇ ಕೂತಿದ್ದರು. ಕೃತಿಕಾ ಕೂಡ ಹೊರಟುಹೋಗಿದ್ದಳು. ದಯಾನಂದ್ ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತರು.

"ಅಪ್ಪ ಅನ್ನು ಅಂತ ಹೇಳ್ಬೇಕಿತ್ತು ಕಣ್ರೀ ಮಗೂಗೆ."

"ಹೇಳಿದ್ರೆ ಅಂತಾನೆ ಸಾ" ಎಂದರು ಗಂಗಯ್ಯ. "ಹೇಳಿಸ್ಕಂಡು ಅನ್ನೋದು ನಂಗೆ ಬ್ಯಾಡ."

ಇಬ್ಬರೂ ಉಳಿದ ಪಫ್ಸ್ ಹಂಚಿಕೊಂಡು ತಿಂದರು. ಸಂಘದ ಸ್ಥಾಪನೆ ಎಂದರೆ ಇಷ್ಟೇ. "ಸಮಾನ ಮನಸ್ಕರ ಪ್ರಥಮ ಚಿಂತನಾ ಸಭೆ" ಎಂದು ಬರೆಯಿರಿ ಎಂದು ಸಂಚಿಕೆಯ ಸಮಿತಿ ಹೇಳಿದೆ. ಪಫ್ಸ್ ಎಂಬ ಪದ ಇತಿಹಾಸಕ್ಕೆ ಗೌರವ ತರುವುದಿಲ್ಲವಂತೆ.

೩

ಮೊದಲ ಹೆಸರು: ನೊಂದ ತಂದೆಯರ ಸಂಘ. ಮೊದಲ ವರ್ಷದ ಸಾಧನೆ: ಒಂದು ಬ್ಯಾನರ್, ಮತ್ತು ಹೆಂಡತಿಯರನ್ನು, ಅತ್ತೆಯರನ್ನು, ವಕೀಲರನ್ನು ಸರದಿಯ ಮೇಲೆ ಬೈಯುವುದು. ಗಂಗಯ್ಯ ಮಾತ್ರ ಬೈಯುತ್ತಿರಲಿಲ್ಲ, ಟೀ ಹಂಚುತ್ತಿದ್ದರು. ಅದಕ್ಕೇ ಅವರನ್ನು ಖಜಾಂಚಿ ಮಾಡಿದ್ದು.

ಎರಡನೇ ವರ್ಷ ಒಂದು ಸಭೆಗೆ ವನಿತಾ ಬಂದರು. ತಿಪಟೂರಿನ ಕೊಬ್ಬರಿ ಪುಡಿ ಮಾಡುವ ಫ್ಯಾಕ್ಟರಿಯಲ್ಲಿ ಕೆಲಸ. ಹುಳಿಯಾರಿನ ಕಡೆ ಕುರಿ ಸಾಕುವವರ ಹಟ್ಟಿಯೊಂದಕ್ಕೆ ಮದುವೆಯಾಗಿ ಹೋಗಿದ್ದವರು. ಗಂಡ ತಿಪ್ಪೇಸ್ವಾಮಿ ಇನ್ನೊಬ್ಬಳನ್ನು ಕಟ್ಟಿಕೊಂಡಾಗ ಮನೆ ಬಿಟ್ಟರು. ಗಂಡು ಮಗು, ಗಂಡನ ಮನೆಯಲ್ಲೇ ಇರಲಿ ಎಂದು ಹಟ್ಟಿಯ ಹಿರಿಯರು ತೀರ್ಮಾನ ಮಾಡಿದರು. ಮಗುವನ್ನು ಸಾಕುತ್ತಿರುವುದು ಅಜ್ಜಿ ಭೀಮಕ್ಕ. ವನಿತಾಗೆ ಕೋರ್ಟಿನ ಭಾನುವಾರವೂ ಇರಲಿಲ್ಲ.

ಬಾಗಿಲಲ್ಲೇ ನಿಂತು ಬ್ಯಾನರ್ ಓದಿದರಂತೆ. "ತಂದೆಯರ ಸಂಘ ಅಂತೈತೆ. ನನ್ ಮಗಾನೂ ನನ್ ತಾವ ಇಲ್ಲ. ನಾನು ಒಳಿಕ್ಕೆ ಬರ್ಲಾ, ಬ್ಯಾಡ್ವಾ?"

ಗಂಗಯ್ಯ ತಾವು ಕೂತಿದ್ದ ಕುರ್ಚಿಯನ್ನೇ ಅವರ ಕಡೆ ತಳ್ಳಿದರು.

ಅವತ್ತು ಬೈಯುವ ಸರದಿ ದಯಾನಂದರದ್ದು. ಅನಿತಾ ಎಂಥ ಕಲ್ಲುಮನಸ್ಸಿನವಳು ಎಂದು ಶುರು ಮಾಡಿದರು. ವನಿತಾ ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಅಣ್ಣಾ, ನಮ್ ಹಟ್ಟೀಲೂ ಈಗ ಯಾರೋ ಕುಂತ್ಕಂಡು ನನ್ನ ಹಿಂಗೇ ಅಂತಿರ್ತಾರೆ" ಎಂದರು. ಕೋಪವಿಲ್ಲದೆ, ಸುಮ್ಮನೆ ಸುದ್ದಿ ಹೇಳುವಂತೆ.

ದಯಾನಂದ್ ನೀರು ಕುಡಿದು ಕೂತರು. ಮುಂದಿನ ತಿಂಗಳು ಬ್ಯಾನರಿನಲ್ಲಿ ತಂದೆಯರ ಪಕ್ಕ ತಾಯಂದಿರೂ ಬಂದರು. "ನೊಂದ" ಎಂಬ ಪದ ಹೋಗಲಿ ಎಂದು ಗಂಗಯ್ಯ ಹೇಳಿದರು. ಪೇಂಟರನಿಗೂ ಜಾಗ ಸಾಲದಾಗಿತ್ತು, ಅದೂ ಹೋಯಿತು.

೪

ಇಲ್ಲಿ ಸಂಘದ ಸಾಧನೆಗಳನ್ನು ವಿವರವಾಗಿ ಬರೆಯಬೇಕಂತೆ. ಒಂದನ್ನು ಮಾತ್ರ ಬರೆಯುತ್ತೇನೆ, ಉಳಿದವು ಸನ್ಮಾನಗಳು.

ಮಕ್ಕಳು ಬೇಕರಿಯಲ್ಲಿ, ಕೋರ್ಟಿನ ಕಾರಿಡಾರಿನಲ್ಲಿ ಅಪ್ಪ ಅಮ್ಮನನ್ನು ನೋಡುವುದು ಬೇಡ, ಒಂದು ಕೊಠಡಿ ಕೊಡಿ ಎಂದು ಇವರು ಕಚೇರಿಯಿಂದ ಕಚೇರಿಗೆ ಅಲೆದರು. ಕೊನೆಗೆ ತಿಪಟೂರಿನ ಅಂಚಿನಲ್ಲಿ ಖಾಲಿ ಬಿದ್ದಿದ್ದ ಹಳೆಯ ದನದ ಆಸ್ಪತ್ರೆಯ ಒಂದು ಕೊಠಡಿ ಸಿಕ್ಕಿತು. ಎಲ್ಲರೂ ಸೇರಿ ಸುಣ್ಣ ಹೊಡೆದರು. ಗೋಡೆಯ ಮೇಲೆ ಹಸುವಿನ ದೊಡ್ಡ ಚಿತ್ರವೊಂದಿತ್ತು. ಹೊಟ್ಟೆಯೊಳಗಿನ ಭಾಗಗಳನ್ನೆಲ್ಲ ಬೇರೆ ಬೇರೆ ಬಣ್ಣದಲ್ಲಿ ತೋರಿಸಿದ್ದರು. ಅದಕ್ಕೂ ಸುಣ್ಣ ಬಳಿಯಲು ಹೋದಾಗ ಗಂಗಯ್ಯನವರ ಮಗ ಅಡ್ಡ ನಿಂತ.

"ಹಸು ಇರ್ಲಿ ಅಪ್ಪ."

ಹೇಳಿಸಿಕೊಳ್ಳದೆ ಅಂದದ್ದು. ಗಂಗಯ್ಯ ಬ್ರಷ್ ಹಿಡಿದುಕೊಂಡೇ ಹೊರಗೆ ಹೋಗಿ ಬಹಳ ಹೊತ್ತು ಒಳಗೆ ಬರಲಿಲ್ಲ. ಹಸು ಈಗಲೂ ಇದೆ.

ಸಂಘದ ನೆರವಿನಿಂದಲೇ ವನಿತಾ ಕೋರ್ಟಿಗೆ ಹೋದರು. ಅವರಿಗೂ ಎರಡು ಭಾನುವಾರ ಸಿಕ್ಕವು. ಮಗ ಜುಂಜೇಶನನ್ನು ಮೊದಲ ಭೇಟಿಗೆ ಅದೇ ಕೊಠಡಿಗೆ ಕರೆತರಬೇಕಿತ್ತು.

(ಕಥೆ ಇಲ್ಲೇ ಮುಗಿದರೆ ಎಷ್ಟು ಚೆನ್ನ! ಮುಗಿಸಿಯೂ ಇದ್ದೆ. "ಅದರ ಹಿಂದಿನ ವಾರದ್ದು ಎಲ್ಲಿ ಮೇಡಂ?" ಎಂದು ದಯಾನಂದರೇ ಕೇಳಿದರು. ತಮ್ಮ ಮರ್ಯಾದೆ ಹೋಗುವ ಭಾಗವನ್ನು ತಾವಾಗಿ ಕೇಳಿ ಬರೆಸಿದ ಅಧ್ಯಕ್ಷರನ್ನು ನಾನು ಇನ್ನೆಲ್ಲೂ ನೋಡಿಲ್ಲ.)

೫

ಕೃತಿಕಾ ಏಳನೇ ಕ್ಲಾಸಿಗೆ ಬಂದಿದ್ದಳು. ತಿಪಟೂರಿನ ಕೊಠಡಿ ದೂರವೆಂದು ಅವಳ ಭೇಟಿ ಇನ್ನೂ ಬೇಕರಿಯಲ್ಲೇ ನಡೆಯುತ್ತಿತ್ತು. ಖೋಖೋ ತಂಡ ಸೇರಿದ್ದಳು. ಭಾನುವಾರ ಬೆಳಿಗ್ಗೆ ಪ್ರಾಕ್ಟೀಸ್ ಎಂದು ಒಮ್ಮೆ ಬರಲಿಲ್ಲ, ಇನ್ನೊಮ್ಮೆ ಬರಲಿಲ್ಲ, ಆಮೇಲೆ ಬರುವುದೇ ಇಲ್ಲ ಎಂದಳು. ಇದು ಅನಿತಾಳ ಕಿತಾಪತಿ ಎಂದು ದಯಾನಂದ್ ತೀರ್ಮಾನಿಸಿದರು. ಸಭೆಯಲ್ಲಿ ಎದ್ದು ನಿಂತು, ಅನಿತಾರ ಮನೆ ಮುಂದೆ ಧರಣಿ ಎಂದು ಘೋಷಿಸಿದರು.

"ಬ್ಯಾಡ ಬುಡಣ್ಣ" ಎಂದರು ವನಿತಾ. "ನಾಳಿಕ್ಕೆ ಮಗಳ ಮಕ ಹೆಂಗೆ ನೋಡ್ತೀಯ?"

"ಈಗ್ಲಾದ್ರೂ ಎಲ್ಲಿ ನೋಡ್ತಿದ್ದೀನವ್ವ?"

ಮುಂದಿನ ಭಾನುವಾರ ತನ್ನ ಮಗ ಬರುತ್ತಾನೆ, ಈ ಗಲಾಟೆ ಹಟ್ಟಿಯವರ ಕಿವಿಗೆ ಬಿದ್ದರೆ ಕೆಲಸ ಕೆಡುತ್ತದೆ ಎಂದು ವನಿತಾ ಹೇಳಬಹುದಿತ್ತು. ಹೇಳಲಿಲ್ಲ. ಎಲ್ಲರ ಜೊತೆ ಲಗೇಜ್ ಆಟೋ ಹತ್ತಿದರು. ಯಾಕೆ ಹತ್ತಿದಿರಿ ಎಂದು ಆಮೇಲೆ ನಾನು ಕೇಳಿದೆ. "ಆವಣ್ಣ ಒಬ್ನೇ ಆಗ್ಬುಡ್ತಾನಲ್ಲ ಮೇಡಂ" ಎಂದರು.

ಇನ್ನು ಮುಂದಿನದು ನಾನೇ ಕಂಡದ್ದು. ಅನಿತಾರ ಮನೆ ಇರುವುದು ನಮ್ಮ ಬೀದಿಯಲ್ಲೇ. ಮೈಕ್ ಸದ್ದು ಕೇಳಿ ತರಕಾರಿ ಗಾಡಿ ಎಂದುಕೊಂಡು ಚೀಲ ಹಿಡಿದು ಹೊರಗೆ ಬಂದೆ. (ಇತಿಹಾಸವನ್ನು ಪ್ರವೇಶಿಸಿದ ಲೇಖಕಿಯ ಕೈಯಲ್ಲಿ ಏನಿತ್ತು? ಬದನೆಕಾಯಿಗೆ ಚೀಲ.) ಬೀದಿಯಲ್ಲಿ ಬ್ಯಾನರ್, ಆಟೋದಲ್ಲಿ ಸ್ಪೀಕರ್, ಮೈಕ್ ಹಿಡಿದ ದಯಾನಂದ್. "ತಂದೆಯ ಹಕ್ಕನ್ನು ಕಸಿದುಕೊಂಡ..." ಎಂದು ಶುರು ಮಾಡಿದ್ದರಷ್ಟೆ, ಕೃತಿಕಾ ಹೊರಗೆ ಬಂದಳು. ಆಟದ ಬಟ್ಟೆ, ಬಿಗಿಯಾಗಿ ಹೆಣೆದ ಎರಡು ಜಡೆ.

"ಅಪ್ಪ, ಬರಲ್ಲ ಅಂದಿದ್ದು ಅಮ್ಮ ಅಲ್ಲ. ನಾನು."

ದಯಾನಂದ್ ಅವಳನ್ನೇ ನೋಡುತ್ತಾ ನಿಂತರು.

"ಬಂದ್ರೆ ಏನ್ ಮಾಡ್ತೀವಿ ನಾವು? ನೀವು ನನ್ನ ನೋಡ್ತಾ ಕೂತಿರ್ತೀರ. ನಾನು ತಿಂತಾ ಕೂತಿರ್ತೀನಿ. ನಂಗೆ ಹಸಿವೇ ಇರಲ್ಲ ಅಪ್ಪ."

ಮೈಕ್ ದಯಾನಂದರ ಬಾಯಿಯ ಹತ್ತಿರವೇ ಇತ್ತು. ಇಡೀ ಬೀದಿಗೆ ಅವರ ಉಸಿರು ಕೇಳಿಸಿತು. ಉಸಿರು ಎಳೆದದ್ದು, ತಡೆದದ್ದು, ಮತ್ತೆ ಎಳೆದದ್ದು, ಗಂಟಲಲ್ಲಿ ಏನೋ ಒಡೆದದ್ದು, ಎಲ್ಲವೂ ಸ್ಪೀಕರಿನಲ್ಲಿ ದೊಡ್ಡದಾಗಿ. ಕೃತಿಕಾ ಎರಡೂ ಕಿವಿ ಮುಚ್ಚಿಕೊಂಡಳು. ಆಗ ವನಿತಾ ಆಟೋದೊಳಗೆ ಬಗ್ಗಿ ವೈರ್ ಕಿತ್ತರು.

ನಾನು ಮೇಷ್ಟರ ದನಿಯಲ್ಲಿ "ದಯವಿಟ್ಟು ಎಲ್ಲರೂ ಚದುರಿ" ಎಂದೆ. ಒಬ್ಬರೂ ಚದುರಲಿಲ್ಲ. ನಮ್ಮ ಗೇಟು ತೆಗೆದು ದಯಾನಂದರನ್ನು ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟೆ. ಈ ಸಂಘಕ್ಕೂ ನನಗೂ ಪರಿಚಯವಾದದ್ದು ಹಾಗೆ.

೫ರ ಮೇಲೆ ಒಂದು ತಕರಾರು

ಈ ಭಾಗವನ್ನು ಮೊದಲು ಬರೆದಾಗ ಕೊನೆಯಲ್ಲಿ "ಅನಿತಾ ದಡಾರನೆ ಬಾಗಿಲು ಮುಚ್ಚಿಕೊಂಡರು" ಎಂದು ಸೇರಿಸಿದ್ದೆ. ಕಥೆಯಲ್ಲಿ ಒಂದು ಬಾಗಿಲು ಮುಚ್ಚಿದರೆ ಚೆನ್ನಾಗಿರುತ್ತದೆ. ಅನಿತಾ ಹಾಳೆ ಹಿಡಿದುಕೊಂಡು ನೇರ ನಮ್ಮ ಮನೆಗೇ ಬಂದರು.

"ನಮ್ಮನೆ ಬಾಗ್ಲು ಅವತ್ತು ಮುಚ್ಚೇ ಇಲ್ಲ ಮಿಸ್. ನಾನು ಹೊಸ್ತಿಲಲ್ಲಿ ನಿಂತಿದ್ದೆ, ನೀವು ನೋಡಿದ್ರಿ."

"ಅದು ಸ್ವಲ್ಪ ಪರಿಣಾಮಕ್ಕೆ..."

"ಯಾರ್ ಮೇಲೆ ಪರಿಣಾಮ? ಐದು ವರ್ಷ ಅಪ್ಪ ಬತ್ತಾರೆ ರೆಡಿಯಾಗು ಅಂತ ಜಡೆ ಹಾಕಿ ಬೇಕರಿಗೆ ಕಳಿಸಿದೋಳು ನಾನು. ಅವ್ರ ಮೇಲೆ ನಂಗೆ ಎಷ್ಟು ಸಿಟ್ಟಿದ್ರೂ ಜಡೆ ಸಡಿಲ ಹಾಕಿಲ್ಲ. ನಿಮ್ ಇತಿಹಾಸದಲ್ಲಿ ಆ ಜಡೆ ಎಲ್ಲೈತೆ?"

ಜಡೆಯನ್ನು ಆಮೇಲೆ ಸೇರಿಸಿದ್ದು. ಮೇಲೆ ಇದೆ, ನೋಡಿ.

೬

ಯಾರೋ ಮೊಬೈಲಿನಲ್ಲಿ ತೆಗೆದ ಧರಣಿಯ ವಿಡಿಯೋ ವಾಟ್ಸಾಪಿನಲ್ಲಿ ಹರಿದಾಡಿತು. ಬ್ಯಾನರಿನ ಪಕ್ಕ ನಿಂತ ವನಿತಾ ಅದರಲ್ಲಿ ಚೆನ್ನಾಗಿ ಕಾಣುತ್ತಿದ್ದರು. ಹಟ್ಟಿಗೂ ತಲುಪಿತು. ಮುಂದಿನ ಭಾನುವಾರ ಜುಂಜೇಶನನ್ನು ಕರೆತರಲಿಲ್ಲ.

ವನಿತಾ ಫ್ಯಾಕ್ಟರಿಗೆ ರಜೆ ಹಾಕಿ, ತಲೆಗೆ ಸ್ನಾನ ಮಾಡಿ ಬಂದು, ಹಸುವಿನ ಚಿತ್ರದ ಕೆಳಗೆ ಕೂತು ಕಾದರು. ಮಧ್ಯಾಹ್ನವಾಯಿತು. ಗಂಗಯ್ಯ ಟೀ ತಂದರು, ಆರಿತು. ದಯಾನಂದ್ ಬಾಗಿಲ ಹತ್ತಿರ ಬಂದವರು ಒಳಗೆ ಬರಲಾಗದೆ ಅಲ್ಲೇ ನಿಂತರು.

"ಬೈಯವ್ವ, ಬೈದ್ಬುಡು ನನ್ನ" ಎಂದರು.

"ಬೈದ್ರೆ ಅವ್ನು ಬತ್ತಾನಾ?" ಎಂದರು ವನಿತಾ. ಅಷ್ಟೇ.

ಮಾರನೆಯ ದಿನ ದಯಾನಂದ್ ನಮ್ಮ ಕಾಲೇಜಿನ ಮುಂದೆ ಬಂದು ನಿಂತಿದ್ದರು. "ಹಟ್ಟಿಗೆ ಹೋಗ್ತಿದ್ದೀನಿ ಮೇಡಂ. ನಂಗೆ ಮಾತಾಡಕ್ಕೆ ಬರಲ್ಲ ಅಂತ ಗೊತ್ತಾಯ್ತಲ್ಲ. ನೀವೂ ಬನ್ನಿ." ವನಿತಾಗೆ ಹೇಳಿರಲಿಲ್ಲ. ಹೇಳಿದ್ದರೆ ಬೇಡ ಎನ್ನುತ್ತಿದ್ದರು.

೭

ಹಟ್ಟಿಯಲ್ಲಿ ಭೀಮಕ್ಕ ಮನೆಯ ಮುಂದೆ ಕೂತು ತಾಯಿ ಸತ್ತ ಮರಿಯೊಂದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದರು. ಅವರ ಗಂಡ ಕಾಟಯ್ಯ ಕಂಬಳಿ ಹಾಸಿ ನಮ್ಮನ್ನು ಕೂರಿಸಿದರು. ನಾನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಸಿದ್ಧಮಾಡಿಕೊಂಡಿದ್ದ ಭಾಷಣವನ್ನು ಶುರು ಮಾಡಿದೆ. ಮಗುವಿನ ಭಾವನಾತ್ಮಕ ಬೆಳವಣಿಗೆ, ಮಾತೃವಾತ್ಸಲ್ಯದ ಅನಿವಾರ್ಯತೆ, ಉಭಯ ಕುಟುಂಬಗಳ ಸೌಹಾರ್ದ. ಕಾಟಯ್ಯ ಗೌರವದಿಂದ ತಲೆಯಾಡಿಸಿದರು. ಮರಿ ಬಾಟಲಿ ಬಿಟ್ಟು ನನ್ನನ್ನೇ ನೋಡಿತು.

"ಏನಂತೈತೆ ಈವಮ್ಮ?" ಎಂದು ಭೀಮಕ್ಕ ಗಂಡನನ್ನು ಕೇಳಿದರು.

ನಾನು ನಿಲ್ಲಿಸಿದೆ. ದಯಾನಂದ್ ತಲೆ ಎತ್ತದೆ ಮಾತಾಡಿದರು.

"ಆ ವಿಡಿಯೋದಾಗೆ ಮೈಕ್ ಹಿಡ್ಕಂಡಿರೋನು ನಾನು ಕಣವ್ವ. ಬೀದೀಲಿ ನಿಂತ್ಕಂಡು ನನ್ನ ಮಗಳ ಮರ್ಯಾದೆ ತೆಗ್ದೆ. ನಿಮ್ ಸೊಸೆ ಬ್ಯಾಡ ಅಂದ್ಲು, ನಾನು ಕೇಳ್ಲಿಲ್ಲ. ವೈರ್ ಕಿತ್ತೋಳೂ ಅವ್ಳೇ. ಅಷ್ಟೊತ್ತಿಗೆ ವಿಡಿಯೋ ನಿಲ್ಸಿದ್ರು, ಅದು ಬರ್ಲಿಲ್ಲ. ನನ್ ಮಗ್ಳು ನನ್ ತಾವ ಬರಲ್ಲ ಅಂತ ಅವ್ಳೇ ಹೇಳೌಳೆ, ನಂದು ಮುಗೀತು. ನನ್ ತಪ್ಪಿಗೆ ಆಯಮ್ಮುಂಗೆ ಮಗ ಸಿಗ್ದಂಗೆ ಮಾಡ್ಬ್ಯಾಡ್ರಿ."

ಭೀಮಕ್ಕ ಮರಿಯನ್ನು ತೊಡೆಯಿಂದ ಇಳಿಸಿದರು.

"ವಿಡಿಯೋಗಲ್ಲ ಕಣಪ್ಪ ನಾನು ಕಳಿಸ್ದೇ ಇದ್ದಿದ್ದು. ಅವ್ಳು ಹೋದಾಗ ಈ ಹುಡ್ಗ ರಾತ್ರಿಯೆಲ್ಲ ಬಾಗ್ಲು ನೋಡ್ಕಂಡು ಕುಂತಿರ್ತಿದ್ದ. ಉಣ್ತಿರ್ಲಿಲ್ಲ. ಬಾಯಿಗೆ ಮುದ್ದೆ ಇಟ್ಟು ನುಂಗ್ಸಿದೋಳು ನಾನು. ಈಗ ಮರ್ತವ್ನೆ. ಮತ್ತೆ ತೋರ್ಸಿ, ಸಂಜೀಕೆ ವಾಪಸ್ ಕರ್ಕಂಡ್ ಬಂದ್ರೆ, ರಾತ್ರಿಗೆ ಯಾರ್ ನೋಡ್ತಾರೆ ಅವ್ನ? ನಿಮ್ ಕೋರ್ಟು ನೋಡ್ತದಾ?"

ಕಾಟಯ್ಯ ನಿಧಾನವಾಗಿ ಹೇಳಿದರು: "ಮರ್ತಿಲ್ಲ ಬುಡು. ನಿನ್ ಮುಂದೆ ಅನ್ನಲ್ಲ, ಅಷ್ಟೆಯ."

ಭೀಮಕ್ಕ ಗಂಡನ ಮುಖ ನೋಡಿದರು. ಸೆರಗಿನಿಂದ ಮೂಗು ಒರೆಸಿಕೊಂಡರು.

"ನಾನೇ ಕರ್ಕಂಡ್ ಬತ್ತೀನಿ. ನಾನೂ ಅಲ್ಲೇ ಕುಂತಿರ್ತೀನಿ. ಎದ್ದೋಗು ಅಂದ್ರೆ ಹೋಗಲ್ಲ."

೮ (ಆಯ್ಕೆಗೆ ಕೆಲವು ಮುಕ್ತಾಯಗಳು)

ಅ) ಖೋಖೋ ಮೈದಾನದ ಬೇಲಿಯ ಆಚೆ ದಯಾನಂದ್ ನಿಂತಿದ್ದಾರೆ. ಪಂದ್ಯ ಗೆದ್ದ ಕೃತಿಕಾ ಓಡಿ ಬಂದು ಅಪ್ಪನನ್ನು ತಬ್ಬಿಕೊಳ್ಳುತ್ತಾಳೆ.

ದಯಾನಂದ್ ಇದನ್ನು ಹೊಡೆದುಹಾಕಿದರು. "ಆಗ್ದೇ ಇರೋದನ್ನ ಬರೀಬೇಡಿ ಮೇಡಂ. ಅವ್ಳು ಓದ್ತಾಳೆ. ಅಪ್ಪ ಹಿಂಗೆ ಕಾಯ್ತಾವ್ನೆ ಅಂತ ಅವಳಿಗೆ ಅನ್ನಿಸ್ಬಾರ್ದು."

ಆ) ಅವಳು ಬರುವುದೇ ಇಲ್ಲ.

"ಇದನ್ನೂ ಬರೀಬೇಡಿ" ಎಂದರು.

ಸದ್ಯ ನಿಜವಾಗಿರುವುದು ಇಷ್ಟು: ದಯಾನಂದ್ ಈಗ ಭೇಟಿಗೆ ಕರೆಯುವುದಿಲ್ಲ. ಪಂದ್ಯವಿದ್ದ ದಿನ ಸಂಜೆ ಕೆಲವೊಮ್ಮೆ ಕೃತಿಕಾಳ ಮೆಸೇಜ್ ಬರುತ್ತದೆ. ಗೆದ್ವಿ. ಅಥವಾ, ಸೋತ್ವಿ. ಅವರು ಅದನ್ನು ಗಂಗಯ್ಯನವರಿಗೆ ತೋರಿಸುತ್ತಾರೆ. ಗಂಗಯ್ಯ ಪ್ರತಿ ಸಲವೂ ಮೊದಲ ಸಲ ನೋಡುವಂತೆ ನೋಡುತ್ತಾರೆ.

೯

ಭೀಮಕ್ಕ ಹೇಳಿದಂತೆಯೇ ಬಂದರು. ಮೊಮ್ಮಗನನ್ನು ಸೆರಗಿನ ಹಿಂದೆ ಇಟ್ಟುಕೊಂಡೇ ಕೊಠಡಿಗೆ ಕಾಲಿಟ್ಟರು. ನಾನು ಮತ್ತು ದಯಾನಂದ್ ಹೊರಗಿನ ಜಗಲಿಯಲ್ಲಿ ಕೂತೆವು. ಬಾಗಿಲು ತೆರೆದೇ ಇತ್ತು, ಆದರೆ ನಮಗೆ ಕಾಣುತ್ತಿದ್ದದ್ದು ಹಸು ಮಾತ್ರ.

ವನಿತಾ ಮಗನನ್ನು ಬಾ ಎನ್ನಲಿಲ್ಲ. ನೆಲದ ಮೇಲೆ ಕೂತು ಅತ್ತೆಯನ್ನು ಮಾತಾಡಿಸಿದರು. ಯಾರ ಮನೆಯಲ್ಲಿ ಯಾರು ತೀರಿಕೊಂಡರು, ಯಾರ ಮಗಳು ದೊಡ್ಡವಳಾದಳು, ರೊಪ್ಪದಲ್ಲಿ ಎಷ್ಟು ಕುರಿ ಉಳಿದವು. ಇಬ್ಬರೂ ಮೊದಮೊದಲು ಬಿಗಿಯಾಗಿ, ಆಮೇಲೆ ಸ್ವಲ್ಪ ಸಡಿಲವಾಗಿ ಮಾತಾಡಿದರು. ಹುಡುಗ ಉಸಿರೆತ್ತಲಿಲ್ಲ.

"ಕರೀ ಕುರಿ ಈದೈತೆ" ಎಂದರು ಭೀಮಕ್ಕ.

"ಒಂದೇ ಮರಿಯಾ?" ಎಂದರು ವನಿತಾ.

"ಹೂಂ, ಒಂದು."

ಆಗ ಸೆರಗಿನ ಹಿಂದಿನಿಂದ ಸಣ್ಣ ದನಿ ಬಂತು: "ಎಲ್ಡು ಕಣವ್ವಾ!"

ಜಗಲಿಯಲ್ಲಿ ದಯಾನಂದ್ ನನ್ನ ಕೈ ಹಿಡಿದುಕೊಂಡರು. ಹಿಡಿದದ್ದು ಗೊತ್ತಾಗಿ ಬಿಟ್ಟರು.

ಹೆತ್ತ ತಾಯಿ ಅವ್ವ, ಸರಿ. ಆದರೆ ಇಷ್ಟು ವರ್ಷ ಸಾಕಿದ ಅಜ್ಜಿಯನ್ನೂ ಆ ಹುಡುಗ ಕರೆಯುವುದು ಅವ್ವ ಎಂದೇ. ಹಾಗಾದರೆ ಅಂದದ್ದು ಯಾರಿಗೆ?

ಈಗ ಭೀಮಕ್ಕ ತಿಂಗಳಿಗೆರಡು ಸಲ ಬರುತ್ತಾರೆ. ಕಳೆದ ಭಾನುವಾರ ಈ ಕೊನೆಯ ಭಾಗವನ್ನು ಅತ್ತೆ ಸೊಸೆ ಇಬ್ಬರಿಗೂ ಓದಿ ಹೇಳಿದೆ. "ಜುಂಜೇಶ ತನ್ನ ತಾಯಿಯನ್ನು ಅವ್ವಾ ಎಂದು ಕರೆದನು" ಎಂದು ಬರೆದಿದ್ದೆ.

"ನಂಗೆ ಅಂದಿದ್ದು" ಎಂದರು ಭೀಮಕ್ಕ. "ಒಂದು ಅಂತ ತಪ್ಪೇಳ್ದೋಳು ನಾನು. ನನ್ನೇ ತಿದ್ದಿದ್ದು."

"ಕೇಳ್ದೋಳು ನಾನು. ನನ್ ಮಕ ನೋಡ್ಕಂಡೇ ಅಂದ, ಅತ್ತೆ."

"ಸೆರಗಿನ ಹಿಂದೆ ಇದ್ದ. ನಿನ್ ಮಕ ಹೆಂಗೆ ಕಾಣ್ತದೆ?"

"ಸೆರಗಿನ ಸಂದೀಲಿ ಕಾಣ್ತಿದ್ದೆ."

ಹೀಗೇ ನಡೆಯಿತು. ನನಗೆ ಪೂರ್ಣವಿರಾಮ ಹಾಕಬೇಕಿತ್ತು, ಪ್ರೆಸ್ಸಿನವರು ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಹುಡುಗ ಹೊರಗೆ ಅಂಗಳದಲ್ಲಿ ಗಂಗಯ್ಯನವರ ಮಗನ ಜೊತೆ ಆಡುತ್ತಿದ್ದ.

"ಅದಕ್ಕೇನಂತೆ, ಅವನನ್ನೇ ಕೇಳಿಬಿಡೋಣ" ಎಂದು ಎದ್ದೆ.

"ಬ್ಯಾಡ" ಎಂದರು ಇಬ್ಬರೂ ಒಟ್ಟಿಗೆ.